ಮೊಳೆಗೆ ತಗಲಾಕಿದ ಚೀಲ

ಬೆಳಿಗ್ಗೆ ಎದ್ದ ಕೂಡಲೇ ಐವತ್ತು ದಾಟಿದ ಮನುಷ್ಯನಿಗೆ ಬರಬೇಕಾದ ಯೋಚನೆಗಳೇ ಬೇರೆ. ಹಾಲು ಬಂತೇ, ಕರೆಂಟು ಇದೆಯೇ, ಮೊಣಕಾಲು ನಿನ್ನೆಗಿಂತ ಜಾಸ್ತಿ ನೋಯುತ್ತಿದೆಯೇ, ಇಂಥವು. ನನಗೆ ಮಾತ್ರ ಎರಡು ವರ್ಷದಿಂದ ಕಣ್ಣು ಬಿಟ್ಟರೆ ಒಂದೇ ಯೋಚನೆ: ಇವತ್ತು ಪೇಜಿಗೆ ಏನು ಹಾಕಲಿ? ಹಲ್ಲುಜ್ಜುವಾಗಲೂ ಅದೇ, ದೇವರ ಮುಂದೆ ಕೈಮುಗಿದಾಗಲೂ ಅದೇ. ಒಮ್ಮೆ ವಿಭೂತಿ ಹಚ್ಚಿಕೊಳ್ಳುತ್ತಾ 'ಇದನ್ನೇ ವಿಡಿಯೋ ಮಾಡಿದರೆ ಹೇಗೆ' ಎಂದು ಯೋಚಿಸಿದ್ದೆ. ದೇವರು ದೊಡ್ಡವನು, ಆ ಹೊತ್ತಿಗೆ ಫೋನಿನಲ್ಲಿ ಚಾರ್ಜ್ ಇರಲಿಲ್ಲ.

ನ್ಯಾಮತಿಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಪೈಪು ಮತ್ತು ಮೋಟಾರು ಸಾಮಾನಿನ ಅಂಗಡಿಯಿದೆ. ಊರು ತಾಲೂಕು ಕೇಂದ್ರವಾದ ಮೇಲೆ ಅಂಗಡಿಯೂ ಸ್ವಲ್ಪ ಮೇಲಕ್ಕೆ ಏರಲಿ ಎಂದು ಪೇಜು ತೆರೆದೆ ಎಂದು ಎಲ್ಲರಿಗೂ ಹೇಳುತ್ತೇನೆ. ಅದು ಸುಳ್ಳು. ನಿಜವಾದ ಕಾರಣ ಚನ್ನಗಿರಿಯಲ್ಲಿರುವ ನನ್ನ ಷಡ್ಡಕ ಬಸವರಾಜ, ಅಂದರೆ ನನ್ನ ಹೆಂಡತಿ ಗಿರಿಜಾಳ ತಂಗಿಯ ಗಂಡ. ಅಡಿಕೆ ವ್ಯಾಪಾರಿ. ಅವನು ದಿನಾ ಸಂಜೆ ಸೂಳೆಕೆರೆಯ ಏರಿಯ ಮೇಲೆ ಬೈಕು ನಿಲ್ಲಿಸಿ ಅರ್ಧ ನಿಮಿಷ ನೀರು ತೋರಿಸಿ, "ಇವತ್ತು ಕೆರೆ ಹಿಂಗೈತೆ ನೋಡ್ರಿ" ಎನ್ನುತ್ತಾನೆ. ಮರುದಿನ ಮತ್ತೆ, "ಇವತ್ತು ಹಿಂಗೈತೆ ನೋಡ್ರಿ." ಎರಡು ದಿನಕ್ಕೂ ನನಗೆ ಕಂಡ ವ್ಯತ್ಯಾಸವೆಂದರೆ ಒಂದು ದಿನ ಒಂದು ಕೊಕ್ಕರೆ ಇತ್ತು. ಆದರೂ ಜನ ಮುಗಿಬಿದ್ದು ನೋಡುತ್ತಾರೆ. ಜಗಳೂರಿನ ನಮ್ಮ ಅತ್ತೆಯವರಂತೂ, ನೀರಿಗೆ ಬೆಲೆ ಗೊತ್ತಿರುವ ಸೀಮೆಯವರು, "ನಮ್ಮ ಬಸವರಾಜಪ್ಪಾರು ಎಷ್ಟು ಚೆಂದ ತೋರ್ಸ್ತಾರೆ" ಎಂದು ನನ್ನ ಮುಂದೆಯೇ ಹೇಳಿದರು. ದೊಡ್ಡ ಅಳಿಯ ನಾನು. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇನು?

ನನ್ನ ಮೊದಲ ವಿಡಿಯೋ ಫುಟ್‌ವಾಲ್ವ್ ಕುರಿತದ್ದು. ಎರಡನೆಯದು ಪೈಪಿಗೆ ಅಂಟು ಹಚ್ಚುವ ಕ್ರಮ. ಹನ್ನೊಂದನೆಯ ದಿನಕ್ಕೆ ಇಡೀ ಅಂಗಡಿಯೇ ಮುಗಿದುಹೋಯಿತು. ಮೂವತ್ತು ವರ್ಷದ ಅನುಭವ ಹನ್ನೊಂದು ದಿನಕ್ಕೆ ಖಾಲಿಯಾಗುತ್ತದೆ ಎಂದು ಗೊತ್ತಾದಾಗ ಆದ ಬೇಜಾರು ಅಷ್ಟಿಷ್ಟಲ್ಲ. ಆಮೇಲೆ ದಾಸವಾಳದ ಹೂವಿನ ಜೊತೆ ಶುಭೋದಯ ಹಾಕಿದೆ. ನೋಡಿದವರು ಹದಿನೇಳು ಜನ ಎಂದು ತೋರಿಸಿತು, ಅದರಲ್ಲಿ ಐದು ಸಲ ನೋಡಿದವನು ನಾನೇ. "ಗಿರಾಕಿ ಬಂದು ನಿಂತಾರೆ, ನೀವು ಮೊಣಕೈ ಪೈಪು ಹಿಡ್ಕಂಡು ಫೋನಿಗೆ ಮಾತಾಡ್ಕಂತ ಕುಂತೀರಿ. ನೋಡ್ದೋರು ಏನಂತಾರೆ?" ಎಂದು ಗಿರಿಜಾ ಕೇಳಿದಳು. ನೋಡಿದವರು ಏನಾದರೂ ಅನ್ನಲಿ ಎಂಬುದೇ ನನ್ನ ಆಸೆಯೂ ಆಗಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ.

ಸಾಮಾನು ತರಲು ಹೊನ್ನಾಳಿಗೆ ಹೋದಾಗ ಅಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳೆಯ ಸಿದ್ದೇಶನ ಮುಂದೆ ಕಷ್ಟ ತೋಡಿಕೊಂಡೆ. ಮದುವೆ ವಿಡಿಯೋ ಮಾಡಿ ಮಾಡಿ ಮನುಷ್ಯರ ವಿಷಯದಲ್ಲಿ ಅವನಿಗೆ ಯಾವ ಭ್ರಮೆಯೂ ಉಳಿದಿಲ್ಲ. "ನೋಡಪ್ಪಾ, ನಿನ್ನ ಪೈಪು ಯಾರಿಗೆ ಬೇಕು?" ಎಂದ. "ಎಲ್ರ ಮನ್ಯಾಗೂ ಮುಚ್ಚಿಟ್ಟದ್ದು ಒಂದು ಇರ್ತೈತೆ. ಅದನ್ನ ತೆಗೆದು ತೋರ್ಸು. ಜನ ಬಿಟ್ಟ ಬಾಯಿ ಬಿಟ್ಟಂಗೆ ನೋಡ್ತಾರೆ." ವಾಪಸು ಬರುವಾಗ ಬಸ್ಸಿನಲ್ಲಿ ಕೂತು, ನಮ್ಮ ಮನೆಯಲ್ಲಿ ಮುಚ್ಚಿಟ್ಟದ್ದು ಏನಿದೆ ಎಂದು ತಲೆ ಕೆರೆದುಕೊಂಡೆ. ಹೇಳಿಕೊಳ್ಳುವಂಥ ಗುಟ್ಟು ಒಂದೂ ಇಲ್ಲದ ಸಪ್ಪೆ ಸಂಸಾರ ನಮ್ಮದು ಎಂದು ಮರುಗುತ್ತಿರುವಾಗ ತೊಡೆಯ ಮೇಲಿದ್ದ ಕೈಚೀಲದ ಮೇಲೆ ಕಣ್ಣು ಬಿತ್ತು. ಬಿತ್ತು ಅಂದರೆ ಬಿತ್ತು, ನನ್ನ ಕಷ್ಟ ಶುರುವಾದದ್ದು ಅಲ್ಲಿಂದ.

ಚೀಲದ ಕತೆ ಹೇಳುತ್ತೇನೆ. ಜಗಳೂರಿನ ನನ್ನ ಮಾವನ ಮನೆಗೆ ಬಂದು ಹೋಗುವ ಜನ ಬಹಳ. ಬಂದವರಿಗೆಲ್ಲ "ಊಟ ಮಾಡ್ಕಂಡ್ ಹೋಗ್ರಿ" ಎನ್ನಲೇಬೇಕು, ಅನ್ನದಿದ್ದರೆ ಮರ್ಯಾದೆಯಲ್ಲ. ಆದರೆ ಎಲ್ಲರೂ ಕೂತೇ ಬಿಟ್ಟರೆ ರೊಟ್ಟಿ ಬಡಿಯುವವರು ಯಾರು? ಅದಕ್ಕೆ ಅತ್ತೆ ಒಂದು ಉಪಾಯ ಮಾಡಿದ್ದರು. ನಡುಮನೆಯ ಗೋಡೆಗೆ ದೊಡ್ಡದೊಂದು ಮೊಳೆ. ಬಂದವರ ಕೈಚೀಲವನ್ನು ಮಾವ ಇಸಿದುಕೊಂಡು ಆ ಮೊಳೆಗೆ ತಗಲಾಕಿದರೆ ಅವರಿಗೆ ಊಟ. ಅತ್ತೆ ಅಡುಗೆಮನೆಯಿಂದ ಒಮ್ಮೆ ಇಣುಕಿ ನೋಡಿ ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಾರೆ. ಚೀಲ ಕುರ್ಚಿಯ ಪಕ್ಕದಲ್ಲೇ ಉಳಿದರೆ ಬರೀ ಟೀ. ಬಾಯುಪಚಾರ ಮಾತ್ರ ಇಬ್ಬರಿಗೂ ಒಂದೇ, ಯಾರ ಮನಸ್ಸಿಗೂ ನೋವಿಲ್ಲ. ಮದುವೆಯಾಗಿ ಬಂದ ವಾರದಲ್ಲೇ ಗಿರಿಜಾ ನಮ್ಮ ನಡುಮನೆಗೂ ಅಂಥದ್ದೇ ಒಂದು ಮೊಳೆ ಹೊಡೆಸಿದಳು. ಯಾಕೆಂದು ಹೇಳಲಿಲ್ಲ, ಇದು ಎಲ್ಲರ ಮನೆಯಲ್ಲೂ ಇರುವ ಕ್ರಮವೆಂದೇ ಅವಳು ತಿಳಿದಿದ್ದಳು. ನಾನೋ ಅಂಗಡಿಯವನು, ಸಾಮಾನು ನೆಲದ ಮೇಲಿದ್ದರೆ ಜೀವ ತಡೆಯುವುದಿಲ್ಲ. ಬಂದವರ ಚೀಲಗಳನ್ನೆಲ್ಲ ಎತ್ತಿ ಎತ್ತಿ ಮೊಳೆಗೆ ಹಾಕಿದೆ. ವಿಮೆ ಏಜೆಂಟ್ ಉಂಡ. ಮತದಾರರ ಪಟ್ಟಿ ಬರೆಯಲು ಬಂದ ಮೇಷ್ಟರು ಉಂಡರು. ಉಪ್ಪಿನಕಾಯಿ ಮಾರಲು ಬಂದ ಹೆಂಗಸು ಉಂಡು, ನಮ್ಮ ಮನೆಯ ಉಪ್ಪಿನಕಾಯಿ ಚೆನ್ನಾಗಿದೆ ಎಂದು ಹೇಳಿ ಹೋದಳು. ಯಾರದೋ ಮನೆ ಎಲ್ಲಿ ಎಂದು ವಿಚಾರಿಸಲು ಬಂದವನೊಬ್ಬ ಮೂರು ರೊಟ್ಟಿ ತಿಂದು, ಬಂದ ಕೆಲಸವನ್ನೇ ಮರೆತು ವಾಪಸು ಹೋದ. ಎರಡನೆಯ ತಿಂಗಳು ಗಿರಿಜಾ ಕೆಂಪಾದ ಅಂಗೈ ನನ್ನ ಮುಂದೆ ಹಿಡಿದು, "ನಿಮಗೆ ಊರಾಗಿರೋರೆಲ್ಲಾ ನೆಂಟ್ರೇನ್ರಿ?" ಎಂದು ಅತ್ತಳು. ಮೊಳೆಯ ಅರ್ಥ ಅವತ್ತು ತಿಳಿಯಿತು.

ಇಷ್ಟನ್ನೂ ನಾನು ವಿಡಿಯೋದಲ್ಲಿ ಹೇಳಿಬಿಟ್ಟೆ. ಗಿರಿಜಾ ಯಾರೋ ಬಸುರಿಯ ಕುಬುಸದ ಕಾರ್ಯಕ್ಕೆ ಹೋಗಿದ್ದಳು. ನಾನು ಇಸ್ತ್ರಿ ಅಂಗಿ ತೊಟ್ಟು ಮೊಳೆಯ ಕೆಳಗೆ ನಿಂತು, ಒಂದು ಚೀಲ ತಗಲಾಕಿ, ತೆಗೆದು, ಮತ್ತೆ ತಗಲಾಕಿ, ವಿವರವಾಗಿ ತೋರಿಸಿದೆ. ಯಾರ ಹೆಸರನ್ನೂ ಎತ್ತಲಿಲ್ಲ. 'ಜಗಳೂರಿನ ನಮ್ಮ ಅತ್ತೆಯವರ ಉಪಾಯ' ಎಂದೆ ಅಷ್ಟೇ. ನನಗಿರುವುದು ಒಬ್ಬರೇ ಅತ್ತೆ ಎಂಬುದು ಆಮೇಲೆ ಹೊಳೆಯಿತು. ಸಂಜೆಯ ಹೊತ್ತಿಗೆ ನನ್ನ ಮೊಳೆ ಬಸವರಾಜನ ಕೆರೆಯನ್ನು ಹಿಂದೆ ಹಾಕಿತ್ತು. ಯಾರುಯಾರೋ ತಮ್ಮ ಮನೆಯ ಗುಟ್ಟುಗಳನ್ನೂ ಕೆಳಗೆ ಬರೆದಿದ್ದರು. ಅವತ್ತು ನಾನು ಅಂಗಡಿಯ ಬಾಗಿಲು ಹಾಕುವಾಗ ಶಿಳ್ಳೆ ಹೊಡೆದೆ.

ಎರಡು ದಿನದಲ್ಲಿ ಬಸವರಾಜನೇ ಬೈಕಿನಲ್ಲಿ ಬಂದ. ಜೇಬಿನಿಂದ ಮಡಿಸಿದ ಖಾಲಿ ಚೀಲವೊಂದನ್ನು ತೆಗೆದು, ಕೊಡವಿ, ತಾನೇ ಮೊಳೆಗೆ ತಗಲಾಕಿ, "ಅಕ್ಕಾ, ನನ್ ಚೀಲ ಏರೈತೆ, ಹಂಚು ಇಡು" ಎಂದ. ಗಿರಿಜಾಳಿಗೆ ವಿಷಯ ಗೊತ್ತಾದದ್ದು ಹಾಗೆ. ಜಗಳೂರಿನ ಸುದ್ದಿ ಇದಕ್ಕಿಂತ ಕೆಟ್ಟದಾಗಿತ್ತು. ನೆರೆಹೊರೆಯವರು ಚೀಲ ಹಿಡಿದುಕೊಂಡೇ ಬರಲು ಶುರು ಮಾಡಿದ್ದರು, ಬಂದವರು ನೇರ ಮೊಳೆಯ ಹತ್ತಿರ ಹೋಗುತ್ತಿದ್ದರು. ಅದೂ ಹೋಗಲಿ, ಮಾವನ ಸ್ವಂತ ಅಕ್ಕ, ಹಿರಿಯ ಹೆಂಗಸು, ಬಂದು ಮೆಟ್ಟಿಲ ಮೇಲೆಯೇ ಕೂತು, "ನಲವತ್ತು ವರ್ಷ ಈ ಮನಿಗೆ ಬಂದೀನಿ. ನನ್ ಚೀಲ ಒಂದ್ ದಿನಾನೂ ಆ ಮೊಳೆ ನೋಡ್ಲಿಲ್ಲಲ್ಲವ್ವಾ" ಎಂದರಂತೆ.

ವಿಡಿಯೋ ಅಳಿಸಿದೆ. ಅಳಿಸಿ ಏನು ಬಂತು, ನೋಡಬೇಕಾದವರೆಲ್ಲ ನೋಡಿಯಾಗಿತ್ತು. ಗಿರಿಜಾ ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. "ನಮ್ಮವ್ವ ನಲವತ್ತು ವರ್ಷ ಯಾರ ಮನ್ಸೂ ನೋಯಿಸ್ದಂಗೆ ನಡ್ಸಿದ್ದನ್ನ ನೀವು ಒಂದೂವರೆ ನಿಮಿಷದಾಗೆ ಹಾಳ್ ಮಾಡಿದ್ರಿ" ಎಂದಳು. "ಹೋಗಿ ತಪ್ಪಾತು ಅಂತ ಹೇಳಿ ಬರ್ರಿ. ಅವ್ವ ಊಟಕ್ಕೆ ಹಾಕಿದ್ರೆ ಕ್ಷಮಿಸಿದಂಗೆ. ಇಲ್ಲಾಂದ್ರೆ ಉಗಾದಿಗೆ ತವರಿಗೆ ನಾನೊಬ್ಬಳೇ ಹೋಗ್ತೀನಿ." ನನಗೆ ನಿಜವಾಗಿ ನಾಚಿಕೆಯಾಯಿತು. ಆ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಹಂಚಿನಿಂದ ಇಳಿದ ಮೊದಲ ರೊಟ್ಟಿ ನನ್ನ ತಟ್ಟೆಗೇ ಬಿದ್ದಿತ್ತು, ನಾನು ಆ ಮನೆಯ ಗುಟ್ಟನ್ನೇ ಊರ ಬಾಯಿಗೆ ಹಾಕಿದ್ದೆ.

ಹದಿನೈದು ದಿನ ಮುಂದೂಡಿ, ಕೊನೆಗೆ ಎರಡು ಡಜನ್ ಬಾಳೆಹಣ್ಣು ಚೀಲಕ್ಕೆ ತುಂಬಿಕೊಂಡು ಬಸ್ಸು ಬದಲಿಸುತ್ತಾ ಜಗಳೂರು ತಲುಪಿದಾಗ ಮಧ್ಯಾಹ್ನ. "ಬರ್ರಿ, ಬಿಸಿಲಾಗೆ ಬಂದೀರಿ" ಎಂದು ಅತ್ತೆ ನೀರು ಕೊಟ್ಟರು. ಮಾವ ಚೀಲ ಇಸಿದುಕೊಂಡರು. ಗೋಡೆಯ ಕಡೆಗೆ ಎರಡು ಹೆಜ್ಜೆ ಹೋದರು. ನಿಂತರು. ತಿರುಗಿ ಬಂದು ಚೀಲವನ್ನು ನನ್ನ ಕುರ್ಚಿಯ ಪಕ್ಕ ಇಟ್ಟರು. ಕತ್ತೆತ್ತಿ ನೋಡಿದರೆ ಗೋಡೆಯಲ್ಲಿ ಮೊಳೆಯೇ ಇಲ್ಲ, ಅದು ಇದ್ದ ಜಾಗದಲ್ಲಿ ಒಂದು ತೂತು. ನಾನು ಬರುತ್ತೇನೆಂದು ತಿಳಿದೇ ಕಿತ್ತುಹಾಕಿದ್ದಾರೆ ಎನಿಸಿತು. "ತಪ್ಪಾತು ಅತ್ತೆ" ಎಂದೆ. "ಇರ್ಲಿ ಬಿಡ್ರಿ, ಆಗಿದ್ದು ಆಗೋತು. ಊಟ ಮಾಡ್ಕಂಡ್ ಹೋಗ್ರಿ" ಎಂದು ಅತ್ತೆ ಒಳಗೆ ಹೋದರು. ಆ ಮಾತನ್ನು ಅವರು ಎಲ್ಲರಿಗೂ ಹೇಳುತ್ತಾರೆ ಎಂದು ಊರಿಗೆಲ್ಲ ಸಾರಿದವನೇ ನಾನು. ಹೇಗೆ ನಂಬಲಿ? ಮಾವ ಯಾಕೋ ಏನೋ ಹಿತ್ತಲಿಗೆ ಹೋದರು. ನಾನು ಒಬ್ಬನೇ ಕೂತು ರೊಟ್ಟಿ ಬಡಿಯುವ ಸದ್ದಿಗೆ ಕಿವಿಗೊಟ್ಟೆ. ಹತ್ತು ನಿಮಿಷ ಕಾದೆ. ಒಂದು ಏಟಿನ ಸದ್ದೂ ಇಲ್ಲ. ಕಾಲ ಬಳಿ ಚೀಲ ಇದ್ದಲ್ಲೇ ಇತ್ತು. ಮರ್ಯಾದೆ ಇದ್ದಾಗಲೇ ಏಳುವುದು ಲೇಸೆಂದು "ಬರ್ತೀನಿ ಅತ್ತೆ" ಎಂದು ನನಗೇ ಕೇಳದಷ್ಟು ಮೆಲ್ಲಗೆ ಹೇಳಿ ಹೊರಬಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಪೂರ್ತಿ ಕಾರಣ ಮೆಣಸಿನಕಾಯಿಯಲ್ಲ.

ಮನೆಗೆ ಬಂದಾಗ ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. "ಅವ್ವ ನಾಕು ಸಲ ಫೋನ್ ಮಾಡಿದ್ಲು" ಎಂದಳು. "ಚೀಲ ಹಿಡ್ಕಂಡು ಬರೋರ ಕಾಟ ತಡೀಲಾರ್ದೆ ಅಪ್ಪ ಮೊಳೆ ಕಿತ್ತು ಹತ್ತು ದಿನ ಆತು. ಚೀಲ ಎಲ್ಲಿ ತಗಲಾಕ್ಬೇಕಿತ್ತು, ತಮ್ಮ ಕೊರಳಿಗಾ?"

"ಮತ್ತೆ ರೊಟ್ಟಿ ಬಡಿಯೋ ಸದ್ದು ಬರ್ಲಿಲ್ಲಲ್ಲ."

"ದೊಡ್ಡ ಅಳಿಯ ಬಂದಾರೆ ಅಂತ ಶೇಂಗಾ ಹೋಳಿಗೆ ಲಟ್ಟಿಸ್ತಿದ್ಲು. ಹೋಳಿಗೆ ಯಾರಾದ್ರೂ ಬಡೀತಾರೇನ್ರಿ? ಎಲೆ ಹಾಕಿ ಕರೆಯಾಕೆ ಬಂದ್ರೆ ನೀವಿಲ್ಲ. ನನ್ನ ಅಳಿಯ ಸಿಟ್ಟು ಮಾಡ್ಕಂಡು ಉಣ್ಣದಂಗೆ ಹೋದ್ರು ಅಂತ ಅಳಾಕೆ ಹತ್ಯಾಳೆ." ಆಮೇಲೆ ನನ್ನ ಕೈಯಲ್ಲಿದ್ದ ಚೀಲ ಬಿಚ್ಚಿ ನೋಡಿ, "ಬಾಳೆಹಣ್ಣೂ ವಾಪಸ್ ತಂದೀರಾ" ಎಂದು ಹಣೆ ಚಚ್ಚಿಕೊಂಡಳು.

ಈಗ ಸೋಮವಾರ ಮತ್ತೆ ಜಗಳೂರಿಗೆ ಹೋಗಬೇಕಾಗಿದೆ. ಮೊಳೆ ಕಾಣದಿದ್ದರೆ ನಮ್ಮ ಅಳಿಯನಿಗೆ ಹಸಿವಾಗುವುದಿಲ್ಲ ಎಂದು ಮಾವ ಹೊಸದೊಂದನ್ನು ಹೊಡೆದಿದ್ದಾರಂತೆ. ಅದಕ್ಕೆ ನನ್ನ ಚೀಲವೊಂದೇ ಎಂದು ಅತ್ತೆ ಅಪ್ಪಣೆ ಮಾಡಿದ್ದಾರಂತೆ. ಕೇಳಿದ ಕೂಡಲೇ ಎಂಥ ಒಳ್ಳೆಯ ವಿಡಿಯೋ ಆಗುತ್ತದಲ್ಲ ಎಂದು ನನ್ನ ಕೈ ಜೇಬಿಗೆ ಹೋಯಿತು. ಗಿರಿಜಾ ಅದನ್ನು ನೋಡಿದಳು. ನನ್ನ ಫೋನನ್ನು ಇಸಿದುಕೊಂಡು, ಒಂದು ಕೈಚೀಲದೊಳಗೆ ಹಾಕಿ, ಚೀಲದ ಬಾಯಿ ಕಟ್ಟಿ, ನಮ್ಮ ನಡುಮನೆಯ ಮೊಳೆಗೆ ತಗಲಾಕಿದಳು. "ಇನ್ನು ಇದರ ಊಟ ತಿಂಡಿ ಎಲ್ಲಾ ಇಲ್ಲೇ" ಎಂದಳು. ವಿಡಿಯೋ ಮಾಡುವುದಿಲ್ಲ ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದೇನೆ. ಕಾಗದದ ಮೇಲೆ ಬರೆಯಬಾರದು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.