ರುಚಿ ನೋಡಿದರೆ ತಿಂದಂತಲ್ಲ

ಚೆನ್ನೈಯಲ್ಲಿ ರಕ್ತಪರೀಕ್ಷೆಗೆ ನನ್ನಷ್ಟು ಶಿಸ್ತಾಗಿ ಖಾಲಿ ಹೊಟ್ಟೆಯಲ್ಲಿ ಹೋದವರು ಇನ್ನೊಬ್ಬರಿರಲಿಕ್ಕಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಆ ಬೆಳಿಗ್ಗೆ ಬಿಸಿ ಇಡ್ಲಿಯ ತಟ್ಟೆಗಳು ನನ್ನ ಮೂಗಿನ ಕೆಳಗೇ ಹಾದು ಹೋದವು. ಒಂದೇ ಒಂದು ಇಡ್ಲಿ ಮುಟ್ಟಿದ್ದರೆ ಕೇಳಿ! ಹಿಂದಿನ ಕಾಲದ ಋಷಿಗಳು ಕಾಡಿಗೆ ಹೋಗಿ ತಪಸ್ಸು ಮಾಡಿದರು. ನಾನು ಹೋಟೆಲಿನ ಅಡಿಗೆಮನೆಯಲ್ಲಿ ನಿಂತು ಮಾಡಿದೆ. ಯಾವುದು ಕಷ್ಟ, ನೀವೇ ಹೇಳಿ.

ವೆಸ್ಟ್ ಮಾಂಬಲಂ ಸ್ಟೇಷನ್ನಿನಲ್ಲಿ ಇಳಿದು, ಹೂವಿನವರನ್ನೂ ತರಕಾರಿಯವರನ್ನೂ ಹೇಗೋ ದಾಟಿ ಬಂದರೆ ಸಿಗುವ ಒಂದು ಗಲ್ಲಿಯಲ್ಲಿ ನಮ್ಮ ಹೋಟೆಲು. ನಾವು ಉಡುಪಿಯ ಕಡೆಯವರು. ಮದುವೆಯಾದ ಹೊಸತರಲ್ಲಿ ನಾನು ಮತ್ತು ನನ್ನ ಹೆಂಡತಿ ವಿನೋದಾ ಸೇರಿ ಇದನ್ನು ಶುರು ಮಾಡಿದೆವು. ಆಗ ಅವಳು ರುಬ್ಬುತ್ತಿದ್ದಳು, ನಾನು ಬಡಿಸುತ್ತಿದ್ದೆ. ಈಗ ಒಳಗೆ ಪದ್ಮನಾಭ ಭಟ್ಟರಿದ್ದಾರೆ, ಹೊರಗೆ ಗಲ್ಲಾದ ಮೇಲೆ ನಾನಿದ್ದೇನೆ. ಆದರೆ ಗಲ್ಲಾಕ್ಕಿಂತ ದೊಡ್ಡ ಹುದ್ದೆಯೊಂದು ನನಗಿತ್ತು. ಅದು ರುಚಿ ನೋಡುವ ಹುದ್ದೆ. ಡಿಕಾಕ್ಷನ್ ಇಳಿದ ಕೂಡಲೇ ಒಂದು ಗುಟುಕು, ಸಾಂಬಾರು ಕುದಿದ ಕೂಡಲೇ ಅಂಗೈಗೆ ಒಂದಿಷ್ಟು, ಚಟ್ನಿ ನುಣ್ಣಗಾದ ಮೇಲೆ ಬೆರಳ ತುದಿಗೆ. ನಾನು ತಲೆ ಆಡಿಸದೆ ಒಂದು ಸೌಟು ಸಾಂಬಾರೂ ಹೊರಗೆ ಹೋಗುವಂತಿರಲಿಲ್ಲ. ನಮ್ಮ ಕಸುಬಿನಲ್ಲಿ ಇದನ್ನು ತಿನ್ನುವುದು ಎನ್ನುವುದಿಲ್ಲ. ಬಸ್ಸಿನ ಕಂಡಕ್ಟರು ದಿನವಿಡೀ ಬಸ್ಸಿನಲ್ಲಿ ತಿರುಗಿದರೆ ಅವರು ಪ್ರವಾಸ ಹೋಗಿದ್ದಾರೆ ಎನ್ನುತ್ತೇವೆಯೇ?

ಇಂಥ ನನಗೆ ಹೋದ ವರ್ಷದಿಂದ ಸುಸ್ತು ಶುರುವಾಯಿತು. ಜ್ವರವಿಲ್ಲ, ನೋವಿಲ್ಲ, ಬರಿಯ ಸುಸ್ತು. ಬೆಳಿಗ್ಗೆ ಏಳುವಾಗ ಸುಸ್ತು, ಎದ್ದದ್ದಕ್ಕೆ ಇನ್ನಷ್ಟು ಸುಸ್ತು. ಗಲ್ಲಾದ ಮೇಲೆ ಕೂತವನು ಕೂತಲ್ಲಿಗೇ ನಿದ್ದೆ ಹೋಗುತ್ತಿದ್ದೆ. ಗಿರಾಕಿಗಳು ಒಳ್ಳೆಯವರು. ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಾವೇ ದುಡ್ಡು ಹಾಕಿ, ತಾವೇ ಚಿಲ್ಲರೆ ತೆಗೆದುಕೊಂಡು, ಎಬ್ಬಿಸದೆ ಹೋಗುತ್ತಿದ್ದರು. ಒಮ್ಮೆ ಒಬ್ಬರು ಫ್ಯಾನಿನ ಸ್ಪೀಡನ್ನೂ ಹೆಚ್ಚಿಸಿ ಹೋದರಂತೆ.

ಎಚ್ಚರವಿದ್ದಾಗ ಸಿಗುತ್ತಿದ್ದದ್ದು ಸಲಹೆ. ಮೂಲೆಯ ಮೇಜಿನಲ್ಲಿ ದೋಸೆ ತಿನ್ನುವ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಇದು ಮೈಯ ಉಷ್ಣ, ಎಣ್ಣೆಸ್ನಾನ ಮಾಡಿ ಎಂದರು. ಮಾಡಿದೆ. ಸ್ನಾನದ ಸ್ಟೂಲಿನ ಮೇಲೇ ನಿದ್ದೆ ಬಂತು. ಹೂ ಮಾರುವಾಕೆ ಇದು ದೃಷ್ಟಿ ಎಂದು ಬಾಗಿಲಿಗೆ ಬೂದುಗುಂಬಳ ಕಟ್ಟಿಸಿದಳು. ಸುಸ್ತು ಬಾಗಿಲಿನ ಒಳಗೇ ಇದ್ದುದರಿಂದ ಅದಕ್ಕೇನೂ ತೊಂದರೆಯಾಗಲಿಲ್ಲ. ನಮ್ಮ ಭಟ್ಟರು ಮಾತ್ರ, ವಯಸ್ಸಾಯಿತು ಅಷ್ಟೆ, ಎಂದರು. ಅವರು ನನಗಿಂತ ಹತ್ತು ವರ್ಷ ದೊಡ್ಡವರು!

ನಗುವ ವಿಷಯ ಒಂದು ಕಡೆ ಇರಲಿ. ನಿಜವಾಗಿ ನನಗೆ ಭಯವಾಗಿತ್ತು. ನಮ್ಮ ಹೋಟೆಲಿನ ಬಾಡಿಗೆ ಕರಾರು ಪೊಂಗಲ್ ಹಬ್ಬಕ್ಕೆ ಮುಗಿಯುವುದಿತ್ತು. ಕಟ್ಟಡ ಮೇಲಿನ ಮನೆಯಲ್ಲೇ ಇರುವ ಹಿರಿಯರೊಬ್ಬರದು. ನಾವು ಕರೆಯುವುದು ಹೌಸ್ ಓನರ್ ಮಾಮಾ ಎಂದು. ಮುಂದುವರಿಸುತ್ತೀರಾ ಎಂದು ಅವರು ಕೇಳಿದ್ದರು. ಬೆಳಗಿನ ಜಾವ ಎದ್ದು ನಿಲ್ಲಲು ಆಗದವನು ಹೋಟೆಲನ್ನು ಹೇಗೆ ಮುಂದುವರಿಸುವುದು? ಬಿಟ್ಟುಬಿಡೋಣ ಎಂದು ಒಂದು ದಿನ ವಿನೋದಾಳಿಗೆ ಹೇಳಿದೆ. ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ಮೊದಲು ಎಂತ ಆದದ್ದೂಂತ ಗೊತ್ತಾಗಲಿ ಮಾರಾಯ್ರೆ. ಬಿಡುವುದು ಇಟ್ಟುಕೊಳ್ಳುವುದು ಆಮೇಲೆ ನೋಡುವ,” ಎಂದಳು.

ಸರಿ, ಪರೀಕ್ಷೆ. ಡಾಕ್ಟರ ಹತ್ತಿರ ಹೋಗಿ ಎಂದು ಅವಳು ಹೇಳಿದಳು. ನಾನು ನೇರವಾಗಿ ಲ್ಯಾಬಿಗೆ ಹೋದೆ. ನಡುವೆ ಡಾಕ್ಟರು ಏಕೆ ಎಂಬುದು ನನ್ನ ವಾದ. ಖಾಲಿ ಹೊಟ್ಟೆಯಲ್ಲಿ ಬರಬೇಕು, ನೀರು ಬಿಟ್ಟು ಬೇರೇನೂ ತೆಗೆದುಕೊಳ್ಳಬಾರದು ಎಂದಿದ್ದರು. ನಾನು ಮಾತಿಗೆ ತಪ್ಪುವವನಲ್ಲ. ಎಂದಿನಂತೆ ಹೋಟೆಲು ತೆರೆದೆ, ಡಿಕಾಕ್ಷನ್ ನೋಡಿದೆ, ಸಾಂಬಾರು ನೋಡಿದೆ, ಎರಡು ಚಟ್ನಿ ನೋಡಿದೆ. ಆ ದಿನ ಯಾರದೋ ಸೀಮಂತಕ್ಕೆ ದೊಡ್ಡ ಪಾತ್ರೆಯಲ್ಲಿ ಕೇಸರಿ ಮಾಡಿ ಕೊಡುವುದಿತ್ತು. ಸಕ್ಕರೆ ಸಾಕೋ ಸಾಲದೋ ಎಂದು ಭಟ್ಟರಿಗೆ ಅನುಮಾನ. ನಾನು ನೋಡಿ, ಸಾಲದು ಎಂದೆ. ಹಾಕಿದರು. ಮತ್ತೆ ನೋಡಿ, ಇನ್ನೂ ಸ್ವಲ್ಪ ಎಂದೆ. ಬಸುರಿ ಹೆಂಗಸಿನ ಸಂಭ್ರಮ, ಸಪ್ಪೆಯಾಗಬಾರದಲ್ಲ! ಕೊನೆಗೆ ಸರಿಯಾಯಿತೆಂದು ಖಚಿತ ಮಾಡಿಕೊಳ್ಳಲು ಇನ್ನೊಮ್ಮೆ ನೋಡಿದೆ. ಹೀಗೆ ಕಟ್ಟುನಿಟ್ಟಾದ ಖಾಲಿ ಹೊಟ್ಟೆಯಲ್ಲಿ ಹೋಗಿ ಕೈ ಚಾಚಿ ಕೂತೆ.

ರಿಪೋರ್ಟು ಬಂತು. ಸಕ್ಕರೆ ಕಾಯಿಲೆಯವರಿಗೆ ಇರುವಂಥ ಸಕ್ಕರೆ!

ಒಂದು ರೀತಿಯಲ್ಲಿ ಸಮಾಧಾನವೇ ಆಯಿತು. ಕಳ್ಳ ಸಿಕ್ಕಿದ ಹಾಗೆ. ಇನ್ನು ಡಾಕ್ಟರ ಅಗತ್ಯ ಏನಿದೆ? ಸಕ್ಕರೆಗೆ ಏನು ಮಾಡಬೇಕೆಂದು ನಮ್ಮ ಹೋಟೆಲಿಗೆ ಬರುವ ಪ್ರತಿಯೊಬ್ಬರಿಗೂ ಗೊತ್ತು. ಹಾಗಲಕಾಯಿಯ ರಸ ಕುಡಿದೆ. ನೆನೆಸಿದ ಮೆಂತೆ ನುಂಗಿದೆ. ಅನ್ನ ಬಿಟ್ಟೆ. ನನ್ನ ಮುಖ ನೋಡಿ ಒಂದಿಬ್ಬರು ಗಿರಾಕಿಗಳು ಕಾಫಿಗೆ ಸಕ್ಕರೆ ಬೇಡ ಎಂದರು. ರುಚಿ ನೋಡುವುದನ್ನು ಮಾತ್ರ ಬಿಡಲಿಲ್ಲ. ಅದು ಕರ್ತವ್ಯ.

ಇಷ್ಟು ಸಾಲದೆಂದು ನಡಿಗೆ. ನಡಿಗೆ ಎಂದರೆ ಬೆಸೆಂಟ್ ನಗರದ ಬೀಚಿನಲ್ಲೇ ಆಗಬೇಕು, ಸಮುದ್ರದ ಗಾಳಿಗೆ ಸಕ್ಕರೆ ಬೇಗ ಇಳಿಯುತ್ತದೆ ಎಂದು ಯಾರೋ ಹೇಳಿದ್ದರು. ವೆಸ್ಟ್ ಮಾಂಬಲಂನಿಂದ ಅಲ್ಲಿಗೆ ಮುಟ್ಟುವಷ್ಟರಲ್ಲೇ ನನ್ನ ಶಕ್ತಿ ಮುಗಿದಿತ್ತು. ಎರಡು ಹೆಜ್ಜೆ ನಡೆದು, ಐದು ನಿಮಿಷ ಎಂದುಕೊಂಡು ಮರಳಿನ ಮೇಲೆ ಕೂತೆ. ಕೂತವನು ಒರಗಿದೆ. ಒರಗಿದವನು ಮಲಗಿದೆ. ಕಣ್ಣು ಬಿಟ್ಟಾಗ ಸುತ್ತ ಟ್ರ್ಯಾಕ್ ಪ್ಯಾಂಟು ಹಾಕಿದ ಕಾಲುಗಳು! ಯಾರೋ ಮುಖಕ್ಕೆ ನೀರು ಹೊಡೆಯುತ್ತಿದ್ದರು, ಇನ್ಯಾರೋ ನಾಡಿ ಹಿಡಿದಿದ್ದರು. ನಾಲ್ಕು ಸಲ ಅಲುಗಾಡಿಸಿದರೂ ನಾನು ಏಳಲಿಲ್ಲವಂತೆ. ನನ್ನ ಫೋನಿನಿಂದ ಮನೆಗೆ ಸುದ್ದಿ ಹೋಗಿಯಾಗಿತ್ತು: ಇಂಥವರೊಬ್ಬರು ಬೀಚಿನಲ್ಲಿ ಬಿದ್ದಿದ್ದಾರೆ, ಎಚ್ಚರವಿಲ್ಲ.

ವಿನೋದಾ ಆಟೋದಿಂದ ಇಳಿದು ಮರಳಿನಲ್ಲಿ ಓಡಿ ಬಂದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನದು. ನಾನು ಎದ್ದು ಕೂತು, ಏನಿಲ್ಲ, ನಿದ್ದೆ ಬಂದದ್ದು ಅಷ್ಟೆ, ಎಂದು ನಕ್ಕೆ. ಅವಳು ನಗಲಿಲ್ಲ. ಪಕ್ಕದಲ್ಲಿ ಕುಸಿದು ಕೂತು, ಅಷ್ಟು ಜನರ ಎದುರಿಗೆ ಅತ್ತುಬಿಟ್ಟಳು.

“ಹೋಟೆಲ್ ಹೋದರೆ ಹೋಗಲಿ,” ಎಂದಳು. “ನಿಮ್ಮನ್ನು ಎಲ್ಲಿಂದ ತರುವುದು ನಾನು?”

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತು ಆಡಿದ್ದು ಅದೇ ಮೊದಲು. ನನ್ನ ಕಣ್ಣಲ್ಲೂ ನೀರು ಬಂತು. ಇವಳನ್ನು ಹೀಗೆ ಓಡಿಸಿದೆನಲ್ಲ ಎನ್ನಿಸಿತು. ಅಂದೇ ಸಂಜೆ, ಎರಡು ಮಾತಾಡದೆ, ಅವಳ ಹಿಂದೆ ಡಾಕ್ಟರ ಹತ್ತಿರ ಹೋದೆ.

ಡಾಕ್ಟರಮ್ಮ ತಮಿಳಿನವರು, ನಿಧಾನದ ಹೆಂಗಸು. ರಿಪೋರ್ಟು ನೋಡಿದರು, ನನ್ನ ಊದಿದ ಮುಖ ನೋಡಿದರು, ಒಣಗಿದ ಚರ್ಮ ನೋಡಿದರು. ರಕ್ತ ಕೊಟ್ಟ ದಿನ ಬೆಳಿಗ್ಗೆ ಏನು ತಿಂದಿದ್ದಿರಿ ಎಂದು ಕೇಳಿದರು. ಏನೂ ಇಲ್ಲ ಎಂದೆ ಹೆಮ್ಮೆಯಿಂದ. ಹಾಗಾದರೆ ಎದ್ದಲ್ಲಿಂದ ಲ್ಯಾಬಿನವರೆಗೆ ಏನೇನು ಮಾಡಿದಿರಿ, ಒಂದೊಂದಾಗಿ ಹೇಳಿ ಎಂದರು. ನಾನು ಡಿಕಾಕ್ಷನ್ನಿನಿಂದ ಶುರು ಮಾಡಿ, ಕಸುಬಿನ ಮೇಲಿನ ನನ್ನ ನಿಷ್ಠೆ ಅವರಿಗೂ ತಿಳಿಯಲಿ ಎಂದು ಕೇಸರಿಯ ಸಂಗತಿಯನ್ನು ವಿವರವಾಗಿಯೇ ಹೇಳಿದೆ. ಹೇಳುತ್ತಾ ಹೇಳುತ್ತಾ ನೋಡುತ್ತೇನೆ, ಡಾಕ್ಟರಮ್ಮ ಪೆನ್ನು ಕೆಳಗಿಟ್ಟಿದ್ದಾರೆ. ವಿನೋದಾ ಕೈಯಿಂದ ಮುಖ ಮುಚ್ಚಿಕೊಂಡಿದ್ದಾಳೆ.

ಮತ್ತೆ ಪರೀಕ್ಷೆಯಾಯಿತು. ಈ ಸಲ ಎದ್ದ ಕೂಡಲೇ, ಅಡಿಗೆಮನೆಯ ಕಡೆ ತಿರುಗಿಯೂ ನೋಡದ ಹಾಗೆ, ವಿನೋದಾ ನನ್ನನ್ನು ಲ್ಯಾಬಿಗೆ ನಡೆಸಿಕೊಂಡು ಹೋದಳು. ಸಕ್ಕರೆಯ ಕಾಯಿಲೆ ಇಲ್ಲವೇ ಇಲ್ಲ! ಕುಡಿದ ಹಾಗಲಕಾಯಿ ರಸವೆಲ್ಲ ನೆನಪಾಗಿ ಬಾಯಿ ಕಹಿಯಾಯಿತು. ಇದ್ದದ್ದು ಥೈರಾಯ್ಡು. ಕತ್ತಿನಲ್ಲಿರುವ ಅಷ್ಟು ಸಣ್ಣ ಗ್ರಂಥಿ ಕೆಲಸ ನಿಧಾನ ಮಾಡಿದ್ದರಿಂದ ಇಡೀ ಯಜಮಾನನೇ ಮಲಗಿದ್ದ. ಒಂದು ಪುಟ್ಟ ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಎದ್ದ ಕೂಡಲೇ ಬರಿಯ ನೀರಿನಲ್ಲಿ ನುಂಗಬೇಕು, ಆಮೇಲೆ ಒಂದು ಗಂಟೆ ಏನೂ ಬೇಡ, ಕಾಫಿಯಂತೂ ಬೇಡವೇ ಬೇಡ. ಒಂದೂವರೆ ತಿಂಗಳು ಬಿಟ್ಟು ಬನ್ನಿ ಎಂದರು.

ಚಾಚೂ ತಪ್ಪದೆ ಪಾಲಿಸಿದೆ. ಸುಸ್ತು ಚಾಚೂ ಕಡಿಮೆಯಾಗಲಿಲ್ಲ.

ಇದು ಔಷಧಕ್ಕೂ ಬಗ್ಗದ ಕಾಯಿಲೆ ಎಂದು ನನಗೆ ಖಾತ್ರಿಯಾಯಿತು. ಪೊಂಗಲ್ ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ, ವಿನೋದಾಳಿಗೆ ತಿಳಿಸದೆ, ಮೆಟ್ಟಿಲಲ್ಲಿ ಎರಡು ಸಲ ಕೂತು ಸುಧಾರಿಸಿಕೊಂಡು ಮೇಲಕ್ಕೆ ಹೋಗಿ, ಹಬ್ಬ ಕಳೆದ ಮೇಲೆ ಹೋಟೆಲು ಬಿಡುತ್ತೇವೆ ಎಂದು ಮಾಮಾರಿಗೆ ಹೇಳಿದೆ. ಮಾಮಾ ಬೇಡವೆನ್ನಲಿಲ್ಲ, ಒಂದು ಮಾತು ಹೆಚ್ಚಿಗೆ ಕೇಳಲೂ ಇಲ್ಲ. ಸರಿ, ಮೈ ನೋಡಿಕೊಳ್ಳಿ ಎಂದರು. ಕೆಳಗೆ ಬಂದು ಖಾಲಿ ಮೇಜುಗಳನ್ನು ಒಂದೊಂದಾಗಿ ಒರೆಸಿದೆ.

ಆ ವಾರ ಮಗಳು ಶ್ರಾವ್ಯಾ ಕಾಲೇಜಿನ ರಜೆಯಲ್ಲಿದ್ದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಎಂದೂ ಇಲ್ಲದ್ದು, ಒಂದು ಮುಂಜಾನೆ ಎದ್ದು ನನ್ನ ಜೊತೆ ಹೋಟೆಲಿಗೆ ಬಂದಳು. ನಾನು ಜೇಬಿನಿಂದ ಮಾತ್ರೆ ತೆಗೆದು, ನೀರಿನಲ್ಲಿ ನುಂಗಿ, ಅದರ ಬೆನ್ನಿಗೇ ಆಗಷ್ಟೇ ಇಳಿದ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಎರಡು ಗುಟುಕು ನೋಡಿದೆ. ಹುಡುಗಿ ಕಣ್ಣು ದೊಡ್ಡದು ಮಾಡಿ ನಿಂತಳು. ಡಾಕ್ಟರ್ ಕಾಫಿ ಬೇಡ ಎಂದಿಲ್ಲವಾ ಎಂಬುದು ಅವಳ ಪ್ರಶ್ನೆ. ಇದು ಕುಡಿಯುವುದಲ್ಲ ಮಗಾ, ರುಚಿ ನೋಡುವುದು ಎಂದೆ.

“ಟೇಸ್ಟ್ ಪಾತ್ತಾಲುಂ ವಯಿತ್ತುಕ್ಕು ದಾನೇಪ್ಪಾ ಪೋಗುದು?” ಎಂದಳು. ರುಚಿ ನೋಡಿದರೂ ಅದು ಹೋಗುವುದು ಹೊಟ್ಟೆಗೇ ತಾನೇ ಅಪ್ಪಾ!

ಕಂಡಕ್ಟರರ ಉದಾಹರಣೆ ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ. ಅವಳು ಆಗಲೇ ಅಮ್ಮನಿಗೆ ಫೋನು ಮಾಡುತ್ತಿದ್ದಳು.

ಮಾರನೆಯ ದಿನದಿಂದ ನನ್ನ ಹುದ್ದೆ ಹೋಯಿತು. ಬೆಳಗಿನ ರುಚಿ ನೋಡುವ ಕೆಲಸ ವಿನೋದಾಳಿಗೆ. ನನಗೆ ಮಾತ್ರೆ, ನೀರು, ಮತ್ತು ಅಡಿಗೆಮನೆಗೆ ಬೆನ್ನು ಹಾಕಿ ಕೂರಲು ಒಂದು ಕುರ್ಚಿ. ಮೊದಲ ದಿನವೇ ಅವಳು ಸಾಂಬಾರನ್ನು ಅಂಗೈಗೆ ಹಾಕಿಕೊಂಡು ಬಾಯಿಗಿಟ್ಟವಳು ಕೂಡಲೇ ನೀರಿನ ಲೋಟಕ್ಕೆ ಕೈ ಚಾಚಿದಳು. ಆಮೇಲೆ ಭಟ್ಟರ ಹತ್ತಿರ ಏನೋ ಮೆಲ್ಲಗೆ ಹೇಳಿದಳು. ನನಗೆ ಕೇಳಿಸಲಿಲ್ಲ, ಕೇಳುವಷ್ಟು ಶಕ್ತಿಯೂ ಇರಲಿಲ್ಲ.

ಆದರೆ ಮಾತ್ರೆ ಈಗ ಕೆಲಸ ಮಾಡತೊಡಗಿತು. ಕೆಲವು ವಾರಗಳಲ್ಲಿ ಕಾಲಿಗೆ ಬಲ ಬಂತು, ಕಣ್ಣಿಗೆ ಬೆಳಕು ಬಂತು. ಪೊಂಗಲ್ ದಿನ ಬಾಗಿಲಿಗೆ ಮಾವಿನ ತೋರಣವನ್ನು ನಾನೇ ಸ್ಟೂಲು ಹತ್ತಿ ಕಟ್ಟಿದೆ. ಇಳಿದ ಮೇಲೂ ಸುಸ್ತಾಗಲಿಲ್ಲ. ದೇವರ ಪಟದ ಎದುರು ನಿಂತು, ಡಾಕ್ಟರಮ್ಮನನ್ನೂ ಮಗಳನ್ನೂ ಹೆಂಡತಿಯನ್ನೂ ನೆನೆದು ಕೈ ಮುಗಿದೆ. ಬದುಕಿನಲ್ಲಿ ಎಚ್ಚರವಾಗಿರುವುದಕ್ಕಿಂತ ದೊಡ್ಡ ಭಾಗ್ಯವಿಲ್ಲ ಎಂದು ಆ ದಿನ ಅನ್ನಿಸಿತು.

ಇನ್ನು ಉಳಿದದ್ದು ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವುದು. ಹಣ್ಣು, ವೀಳ್ಯದೆಲೆ ಹಿಡಿದು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಮಾಮಾರ ಎದುರು ನಿಂತೆ. ಮೈ ಸರಿಯಾಗಿದೆ, ಹೋಟೆಲನ್ನು ನಮಗೇ ಬಿಟ್ಟುಕೊಡಿ ಎಂದು ಬೇಡಿದೆ. ಅವರು ಹಣ್ಣನ್ನು ದೇವರ ಮುಂದಿಟ್ಟು ಬಂದರು. ಆಮೇಲೆ, ಹೇಳಿದರೆ ಬೇಜಾರು ಮಾಡಿಕೊಳ್ಳಬಾರದು ಎಂದು ಪೀಠಿಕೆ ಹಾಕಿ, ಒಂದು ವರ್ಷದಿಂದ ತಾವು ಗಂಡಹೆಂಡಿರು ನಮ್ಮ ಸಾಂಬಾರಿಗೆ ಒಂದು ಲೋಟ ಬಿಸಿನೀರು ಬೆರೆಸಿಯೇ ತಿನ್ನುತ್ತಿದ್ದುದಾಗಿ ಹೇಳಿದರು. ಅಷ್ಟು ಉಪ್ಪು! ಕೆಳಗಿನ ಗಿರಾಕಿಗಳದೂ ಅದೇ ಕತೆಯಂತೆ. ಯಾರೂ ಬಾಯಿ ಬಿಡಲಿಲ್ಲ. ನನ್ನ ಮುಖ ನೋಡಿದರೆ, ಉಪ್ಪು ಜಾಸ್ತಿ ಎಂದು ಹೇಳಿದೊಡನೆ ಪಾಪ ಅಲ್ಲೇ ಬಿದ್ದುಬಿಡುತ್ತಾನೇನೋ ಎಂದು ಎಲ್ಲರಿಗೂ ಹೆದರಿಕೆ. ಥೈರಾಯ್ಡು ಕಡಿಮೆಯಾದರೆ ಕೆಲವರಿಗೆ ನಾಲಿಗೆಯೂ ಮಂದವಾಗುತ್ತದೆ ಎಂದು ಡಾಕ್ಟರಮ್ಮ ನನಗೆ ಹೇಳಿದ್ದು ಆಮೇಲೆ.

“ಕರಾರು ಮಾಡೋಣ,” ಎಂದರು ಮಾಮಾ. “ಆದರೆ ರುಚಿ ನೋಡುವುದು ನಿಮ್ಮ ಮನೆಯವರೇ ಆಗಬೇಕು.”

ಒಪ್ಪಿದೆ. ಒಪ್ಪದೆ ಏನು ಮಾಡಲಿ? ಒಂದು ವರ್ಷ ಉಪ್ಪು ನೀರು ಕುಡಿದು, ದುಡ್ಡೂ ಕೊಟ್ಟು, ನನ್ನ ನಿದ್ದೆ ಕೆಡಿಸದೆ ಹೋದ ಜನ ಇವರು. ಈ ಊರಿನ ಋಣ ನನ್ನಿಂದ ತೀರುವಂಥದ್ದಲ್ಲ. ಮೆಟ್ಟಿಲು ಇಳಿಯುವಾಗ ಕಣ್ಣು ತುಂಬಿ ಬಂತು.

ಕೆಳಗೆ ವಿನೋದಾ, ಮಾಮಾ ಎಂತ ಹೇಳಿದರು ಎಂದು ಕೇಳಿದಳು. ನಾನು ಗಂಟಲು ಸರಿ ಮಾಡಿಕೊಂಡು, ನನ್ನ ಆರೋಗ್ಯ ಸುಧಾರಿಸಿದ್ದು ನೋಡಿ ಸಂತೋಷಪಟ್ಟು ಒಪ್ಪಿದರು, ಅಂಥ ವಿಶೇಷ ಮಾತೇನೂ ಆಗಲಿಲ್ಲ ಎಂದೆ.

“ಹೌದಾ,” ಎಂದಳು ಅವಳು, ಅಂಗೈಯ ಸಾಂಬಾರು ನೆಕ್ಕುತ್ತಾ. “ಉಪ್ಪಿನ ವಿಷಯ ಮೇಲಿನ ಮನೆಯ ಮಾಮಿ ನನಗೆ ಹೋದ ತಿಂಗಳೇ ಹೇಳಿದ್ದಾರೆ. ಮಾಮನ ಬಾಯಿಂದ ನಿಮಗೂ ಬರಲೀಂತ ಸುಮ್ಮನಿದ್ದೆ.”

ನಾನು ಹೋಗಿ ಗಲ್ಲಾದ ಮೇಲೆ ಕೂತೆ. ಗಿರಾಕಿಗಳ ಕಣ್ಣು ತಪ್ಪಿಸಲು ಸ್ವಲ್ಪ ಹೊತ್ತು ನಿದ್ದೆ ಬಂದವನಂತೆ ಕಣ್ಣು ಮುಚ್ಚಿದೆ. ಹಾಳಾದ್ದು, ಆ ದಿನ ಎಷ್ಟು ಹೊತ್ತಾದರೂ ನಿದ್ದೆಯೇ ಬರಲಿಲ್ಲ.