ನಾದಿನಿಯ ವಶದಲ್ಲಿರುವ ನನ್ನ ಬೂಟಿನ ಬೆಲೆ ಇಳಿಸುವ ಬಗ್ಗೆ

ಬೆಲೆ ನಿಗದಿ ಯಂತ್ರ ಮಹೋದಯರಿಗೆ,
ಸೋಲ್ ದರ್ಬಾರ್ ಆ್ಯಪ್, ಮೋಡದೊಳಗೆಲ್ಲೋ.

ಮಾನ್ಯರೇ,

ಹೆಸರಿನಲ್ಲೇ ಸೋಲನ್ನು ಇಟ್ಟುಕೊಂಡೂ ಗಿರಾಕಿಯ ಎದುರು ಒಮ್ಮೆಯೂ ಸೋಲದ ತಮ್ಮ ಚರಣಗಳಿಗೆ, ತಮಗೆ ಚರಣಗಳಿಲ್ಲವೆಂದು ಗೊತ್ತಿದ್ದೂ, ಕಾರವಾರದ ಕೋಡಿಬಾಗದ ನಾಗೇಶ ಗಾಂವಕರನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನೂ ಹೊಸದಾಗಿ ಕೈಹಿಡಿದ ಭವ್ಯಾಳೂ ಕ್ಷೇಮ. ತಾವೂ ಸರ್ವರ್ ಸಮೇತ ತಂಪಾಗಿದ್ದೀರೆಂದು ನಂಬಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಾನು ಬೂಟು ಸಂಗ್ರಾಹಕ. ಜೈಲಿನಿಂದ ಕೈದಿ ಬಿಡುಗಡೆಯಾದಂತೆ ತಮ್ಮಲ್ಲಿ ಆಗಾಗ ಹೊಸ ಬೂಟು ಬಿಡುಗಡೆಯಾಗುತ್ತದೆ, ಅದನ್ನು ನಾನು ಸಂಬಳ ಕೊಟ್ಟು ತರಿಸಿ ಮತ್ತೆ ಡಬ್ಬಿಯಲ್ಲಿ ಬಂಧಿಸಿಡುತ್ತೇನೆ. ಧರಿಸುವುದಿಲ್ಲ, ಧರಿಸಿದರೆ ಬೆಲೆ ಬಿದ್ದುಹೋಗುತ್ತದೆ ಎಂದು ಕಲಿಸಿದ ಗುರುಗಳೇ ತಾವು. ಕಾರವಾರದ ಪೇಟೆಯಲ್ಲಿ ಬೆಳಿಗ್ಗೆ ಗಗನದಲ್ಲಿದ್ದ ಬಂಗಡೆ ಮಧ್ಯಾಹ್ನ ಬಿಸಿಲೇರುತ್ತಲೇ ಬುಟ್ಟಿಯ ತಳಕ್ಕೆ ಇಳಿಯುತ್ತದೆ, ತಮ್ಮ ಬೂಟು ಮಾತ್ರ ಹಳತಾದಷ್ಟೂ ದುಬಾರಿಯಾಗುತ್ತದೆ ಎಂಬುದನ್ನು ನಮ್ಮ ಮೀನು ಮಾರುವ ಹೆಂಗಸರಿಗೆ ಹೇಳಿದಾಗ ಅವರು ನನ್ನ ಮುಖವನ್ನು ಬಹಳ ಕನಿಕರದಿಂದ ನೋಡಿದರು. ಇನ್ನೊಂದು ಸಂಗತಿ. ನಮ್ಮಲ್ಲಿ ಮುಯ್ಯಿ ಕೊಡುವಾಗ ನೂರರ ಮೇಲೆ ಒಂದು ರೂಪಾಯಿ ಹೆಚ್ಚಿಟ್ಟರೆ ಶುಭ, ತಾವೋ ಯಾವ ಬೆಲೆ ಬರೆದರೂ ಸಾವಿರಕ್ಕೆ ಒಂದು ಕಡಿಮೆ ಇಡುತ್ತೀರಿ. ಆ ಒಂದು ರೂಪಾಯಿಯನ್ನು ಬಿಟ್ಟುಕೊಟ್ಟ ತಮ್ಮ ತ್ಯಾಗವನ್ನು ನೆನೆದು ನಾನು ಪ್ರತಿಸಲವೂ ಕರಗಿ ಕೊಂಡುಬಿಟ್ಟಿದ್ದೇನೆ.

ಈಗ ಅಹವಾಲಿಗೆ ಬರುತ್ತೇನೆ. ಬಸಳೆ ಎಲೆಯ ಹಸಿರು ಮೈ, ಬಸಳೆ ದಂಟಿನ ಕೆಂಪು ದಾರ ಇದ್ದ ತಮ್ಮ ಹೊಸ ಜೋಡಿಯನ್ನು ಜೀವನದಲ್ಲಿ ಮೊದಲ ಬಾರಿಗೆ ಡಬ್ಬಿಯಿಂದ ತೆಗೆದು, ಅಂಕೋಲೆಯಲ್ಲಿ ನಡೆದ ನನ್ನ ಮದುವೆಗೆ ಹಾಕಿಕೊಂಡು ಹೋದೆ. ಮಂಟಪದ ಕೆಳಗೆ ಬಿಟ್ಟು ಮೇಲೇರಿದ್ದೇ ತಡ, ನಾದಿನಿ ರಕ್ಷಿತಾ ಅದನ್ನು ಎತ್ತಿಬಿಟ್ಟಳು. ಮದುಮಗನ ಬೂಟು ಕದ್ದು ಹಣ ಕೇಳುವ ಈ ಪದ್ಧತಿ ಮರಾಠಿ ಮನೆಗಳಿಂದ ಬಂತೋ ಸಿನಿಮಾದಿಂದ ಬಂತೋ, ಅಂತೂ ಬಂದಿದೆ. ಮೀನುಪೇಟೆಯ ಚೌಕಾಶಿಯಲ್ಲಿ ಪಳಗಿದ ನನ್ನ ಸೋದರಮಾವ ಶಾಂತಾರಾಮ, “ಏ ತಂಗೀ, ಐನೂರಾ ಒಂದು ತಕೊಂಡು ಕೊಟ್ಬಿಡು ಮಾರಾಯ್ತಿ” ಎಂದು ಸಂಧಾನಕ್ಕೆ ಇಳಿದರೆ, ಅವಳು ಮೊಬೈಲು ತೆಗೆದು ತಮ್ಮ ಆ್ಯಪ್ ತೋರಿಸಿ, “ಹಳೆ ರೇಟಿಗೆ ಹಳೆ ಚಪ್ಲಿ ಸಿಕ್ತದೆ ಮಾವಾ, ಇದ್ಕೆ ಮಾರ್ಕೆಟ್ ರೇಟೇ ಆಗ್ಬೇಕು” ಎಂದಳು. ಹದಿನೆಂಟು ಸಾವಿರದ ಒಂಬೈನೂರ ತೊಂಬತ್ತೊಂಬತ್ತು! ಅದರ ಮೇಲೆ ಎರಡು ರೂಪಾಯಿ ಶುಭಕ್ಕೆ.

ಶಾಂತಾರಾಮ ಮಾವ ನಂಬಲಿಲ್ಲ, ಸ್ವಂತ ಮೊಬೈಲಿನಲ್ಲೂ ನೋಡಿದರು. ಪಕ್ಕದವರು ನೋಡಿದರು, ಅಡುಗೆಯವರು ಕೈ ಒರೆಸಿಕೊಂಡು ಬಂದು ನೋಡಿದರು, ಪುರೋಹಿತರು ಎರಡು ಮಂತ್ರಗಳ ನಡುವೆ ಕತ್ತು ಚಾಚಿ “ಎಷ್ಟಾಯ್ತು?” ಎಂದರು. ಇಡೀ ಸಭಾಂಗಣ ಒಂದೇ ಬೂಟನ್ನು ನೋಡುತ್ತಿರುವಾಗ ತಾವು ಅಲ್ಲಿ ಮೋಡದೊಳಗೆ ಕುಳಿತು ‘ಅಂಕೋಲೆಯಲ್ಲಿ ಭಾರೀ ಬೇಡಿಕೆ’ ಎಂದು ಘೋಷಿಸಿ ಬೆಲೆ ಏರಿಸಿದಿರಿ. ಏರಿತೆಂದು ಮತ್ತಷ್ಟು ಜನ ನೋಡಿದರು, ನೋಡಿದರೆಂದು ಮತ್ತಷ್ಟು ಏರಿಸಿದಿರಿ. ಅಕ್ಷತೆ ಬೀಳುವಾಗ ಇದ್ದ ದರ ಪಾಯಸ ಬಡಿಸುವಾಗ ಇರಲಿಲ್ಲ. ನಾನು ಸೂಟು ತೊಟ್ಟು, ಹೆಣ್ಣು ಕೊಟ್ಟ ಮಾವನವರ ಹವಾಯಿ ಚಪ್ಪಲಿ ಮೆಟ್ಟಿ, ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದೆ. ಫೋಟೋದವನು ಪುಣ್ಯಾತ್ಮ, ಸೊಂಟದ ಮೇಲಷ್ಟೇ ತೆಗೆದ.

ತಮ್ಮ ಪ್ರತಿಭೆಗೆ ನಾನು ತಲೆಬಾಗುತ್ತೇನೆ. ಹೆಚ್ಚು ಜನ ನೋಡಿದರೆ ಬೆಲೆ ಏರುತ್ತದೆ ಎಂಬ ಈ ಸಿದ್ಧಾಂತ ಮೊದಲೇ ಸಿಕ್ಕಿದ್ದರೆ ನನ್ನ ಬಾಳು ಬೇರೆಯಾಗುತ್ತಿತ್ತು. ಸುಂಕಸಾಳದಿಂದ ಮಂಜಗುಣಿಯವರೆಗಿನ ಹೆಣ್ಣಿನ ಕಡೆಯವರೆಲ್ಲ ನನ್ನನ್ನು ನೋಡಿ ಅವಲಕ್ಕಿ ತಿಂದು ಹೋಗಿದ್ದಾರೆ, ಪ್ರತಿಸಲವೂ ನನ್ನ ದರ ಇಳಿಯಿತೇ ಹೊರತು ಏರಲಿಲ್ಲ. ಭವ್ಯಾ ಒಪ್ಪಿದ್ದು ತಳದ ದರಕ್ಕೆ ಎಂದು ಅವಳೇ ಹೇಳುತ್ತಾಳೆ.

ಭಾನುವಾರದೊಳಗೆ ಹಣ ಕೊಡದಿದ್ದರೆ ಬೂಟನ್ನು ತಮ್ಮ ಆ್ಯಪಿನಲ್ಲೇ ಮಾರುತ್ತೇನೆಂದು ರಕ್ಷಿತಾ ನೋಟಿಸು ಕೊಟ್ಟಿದ್ದಾಳೆ. ಬೇರೆ ಯಾವ ಜೋಡಿ ಹೋದರೂ ಇಷ್ಟು ಸಂಕಟವಾಗುತ್ತಿರಲಿಲ್ಲ ಮಹೋದಯರೇ, ನಾನು ಹಾಕಿಕೊಂಡು ನಡೆದದ್ದು ಅದೊಂದನ್ನೇ. ಆದ್ದರಿಂದ ಆ ಬೂಟಿನ ಫ್ಯಾಶನ್ ಮುಗಿಯಿತೆಂದು ತಾವು ಒಂದು ಗಂಟೆಯ ಮಟ್ಟಿಗೆ ಸಾರಬೇಕು. ಅದು ಆಗದಿದ್ದರೆ ಅಂಕೋಲಾ ತಾಲೂಕಿಗೆ ಮಾತ್ರ ಬೆಲೆಯನ್ನು ಬಂಗಡೆಯ ಲೆಕ್ಕಕ್ಕೆ ಇಳಿಸಬೇಕು. ಅದೂ ಆಗದಿದ್ದರೆ, ಸೊಪ್ಪಿನ ಕಟ್ಟು ಕೊಂಡವರಿಗೂ ನಾಲ್ಕು ಎಳೆ ಕೊಸರು ಸಿಗುವ ಊರು ನಮ್ಮದಾದ ಕಾರಣ, ನನ್ನ ಜೋಡಿಗೆ ಕೊಸರಾಗಿ ಮೂರನೆಯ ಬೂಟೊಂದನ್ನಾದರೂ ದಯಪಾಲಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಇಂತಿ ಬರಿಗಾಲಿನ,
ತಮ್ಮ ವಿಶ್ವಾಸಿ,
ನಾಗೇಶ ಗಾಂವಕರ

ತಾ.ಕ.: ಈ ಪತ್ರವನ್ನು ಪತ್ರಿಕೆಗೆ ಕೊಡಲು ನಾನು ಹಿಂದೆಮುಂದೆ ನೋಡುತ್ತಿರುವಾಗಲೇ ಭಾನುವಾರ ಕಳೆಯಿತು, ರಕ್ಷಿತಾ ಬೂಟನ್ನು ಮಾರಾಟಕ್ಕಿಟ್ಟು ತಪಾಸಣೆಗೆಂದು ತಮ್ಮ ಕಚೇರಿಗೆ ಕಳಿಸಿದಳು. ತಾವೇ ಮಾರಿದ ಬೂಟನ್ನು ತಾವೇ ಪರೀಕ್ಷಿಸಿ, ‘ಇದು ನಕಲಿ, ಬೆಲೆ ಸೊನ್ನೆ’ ಎಂದು ಷರಾ ಬರೆದು ವಾಪಸು ಕಳಿಸಿದ್ದೀರಿ. ಅವಳು ಬಸ್ಸು ಹಿಡಿದು ಬಂದು, “ತಕ ಭಾವಾ, ನಿನ್ನ ಬೂಟು ನೀನೇ ಇಟ್ಕ” ಎಂದು ಜಗಲಿಯ ಮೇಲೆ ಕುಕ್ಕಿ ಹೋದಳು. ಬೆಲೆ ಇಳಿಸಿರೆಂದರೆ ಇಷ್ಟು ಇಳಿಸುವ ಧಾರಾಳಿಗಳು ತಾವೆಂದು ತಿಳಿದಿರಲಿಲ್ಲ. ಈಗ ಅದನ್ನು ದಿನಾ ಹಾಕುತ್ತೇನೆ, ಮೀನುಪೇಟೆಯ ಕೆಸರಿನಲ್ಲೂ ತುಳಿಯುತ್ತೇನೆ, ಎಂಥ ಸುಖ! ಉಳಿದ ಹದಿನಾಲ್ಕು ಜೋಡಿಗಳನ್ನೂ, ಅವುಗಳಿಗೆ ತಾವೇ ಕೊಟ್ಟ ಅಸಲಿ ಪ್ರಮಾಣಪತ್ರಗಳ ಸಮೇತ, ಇಂದೇ ಕಳಿಸುತ್ತಿದ್ದೇನೆ. ಅವನ್ನೂ ನಕಲಿ ಮಾಡಿಕೊಡಿ, ನನಗೂ ಕಾಲಿವೆ.