ಹುಳದ ಮನೆಯ ಹವಾಯಿ ಚಪ್ಪಲಿ

ಹಿಮ್ಮಡಿ ನೋವಿಗೆ ಮದ್ದು ಹೇಳುವ ಡಾಕ್ಟರಿಗೆ ನಗು ತಡೆಯುವ ಅಭ್ಯಾಸವೂ ಇರಬೇಕು. ಎಂಬತ್ತರ ದಶಕದ ಶುರುವಿನಲ್ಲಿ ಶ್ರೀನಿವಾಸಪುರದ ಬಸ್ ನಿಲ್ದಾಣದ ಎದುರು ನನ್ನ ಪುಟ್ಟ ಕ್ಲಿನಿಕ್ ಇತ್ತು. ಅಲ್ಲಿ ಕೂತಷ್ಟು ಕಾಲವೂ ಈ ಅಭ್ಯಾಸಕ್ಕೆ ಬಿಡುವೇ ಸಿಗಲಿಲ್ಲ.

ಕೂತು ತರಿಸಿದ ನೋವು

ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಮುಳ್ಳು ತುಳಿದ ಹಾಗಾಗುತ್ತದೆ. ಸ್ವಲ್ಪ ಓಡಾಡಿದರೆ ಹಗುರ. ಕೂತು ಎದ್ದರೆ ಮತ್ತೆ ಅದೇ ಪಾಡು. ಹಾಗಾಗಿ ಬಸ್ಸಿಳಿದವರಲ್ಲಿ ನನ್ನ ರೋಗಿ ಯಾರೆಂದು ಕಿಟಕಿಯಿಂದಲೇ ಗೊತ್ತಾಗುತ್ತಿತ್ತು.

ಒಮ್ಮೆ ರೇಷ್ಮೆ ಹುಳ ಸಾಕುವ ಒಬ್ಬ ಅಮ್ಮ ಕುಂಟುತ್ತಲೇ ಇಳಿದರು. ಆದರೆ ಸಂತೆ ಸುತ್ತಿ ನನ್ನ ಹತ್ತಿರ ಬರುವಷ್ಟರಲ್ಲಿ ನಡಿಗೆ ಸರಿಹೋಗಿತ್ತು. ಅವರಿಗೆ ನಾಚಿಕೆಯೋ ನಾಚಿಕೆ. ಸುಳ್ಳು ನೋವೆಂದು ಡಾಕ್ಟರು ಅಂದುಕೊಳ್ಳಬಾರದಲ್ಲ ಎಂದು ಬೆಂಚಿನ ಮೇಲೆ ಕೂತು, ಇಬ್ಬರು ರೋಗಿಗಳನ್ನು ಮುಂದೆ ಕಳಿಸಿ, ಆಮೇಲೆ ಎದ್ದರು.

"ಅಯ್ಯಮ್ಮಾ! ಬಂತು ನೋಡಿ ಡಾಕ್ಟ್ರೇ, ಬೇಗ ನೋಡ್ಬಿಡಿ."

ಹಿಮ್ಮಡಿಯಿಂದ ಬೆರಳಿನವರೆಗೆ ಹೋಗುವ ಅಂಗಾಲಿನ ನಾರುಪಟ್ಟಿ ಊದಿಕೊಂಡಿತ್ತು. ಹುಳದ ಮನೆಯ ಗಟ್ಟಿ ಸಿಮೆಂಟ್ ನೆಲದಲ್ಲಿ ಬರಿಗಾಲಲ್ಲಿ ನಿಂತು ಹುಳಕ್ಕೆ ಸೊಪ್ಪು ಹಾಕಿದ ಫಲ. ಹಿಂದಿನ ರೇಷ್ಮೆ ಬೆಳೆ ಕೈಕೊಟ್ಟಿತ್ತಂತೆ. ಈ ಸಲವೂ ಹೋದರೆ ಹಿಪ್ಪುನೇರಳೆ ಕಿತ್ತು ಟೊಮೆಟೊ ಹಾಕುವುದಾಗಿ ಯಜಮಾನರು ಪಟ್ಟು ಹಿಡಿದಿದ್ದರಂತೆ. ಹುಳವೆಂದರೆ ಆಕೆಗೆ ಜೀವ. ಅದನ್ನು ಹೇಳುವಾಗ ಅವರ ಕಣ್ಣು ತುಂಬಿತು, ನನಗೂ ಕೆಡುಕೆನಿಸಿತು.

ಯಜಮಾನರ ತ್ಯಾಗ

ಹಾಸಿಗೆಯಲ್ಲೇ ಕಾಲ್ಬೆರಳನ್ನು ಹಿಂದಕ್ಕೆ ಎಳೆದು ಆಮೇಲೆ ಏಳಿ, ಅಂಗಾಲಿನ ಕೆಳಗೆ ಖಾಲಿ ಬಾಟಲಿ ಉರುಳಿಸಿ, ಮೆತ್ತನೆಯ ಚಪ್ಪಲಿ ಹಾಕಿ ಎಂದೆ. ಮುಂದಿನ ವಾರ ಯಜಮಾನರೂ ಜೊತೆಗೆ ಬಂದರು, ಕಣ್ಣು ಕೆಂಪಗೆ ಮಾಡಿಕೊಂಡು. ಆ ಕಡೆಯವರಿಗೆ ದುಃಖ ಹೆಚ್ಚಾದರೆ ತೆಲುಗು ಬರುತ್ತದೆ.

"ಏಂ ಚೇಸೇದಿ ಸಾರ್, ಏನ್ ಮಾಡೋದು? ಊರಲ್ಲೆಲ್ಲಾ ಹುಡುಕ್ದೆ, ಖಾಲಿ ಬಾಟ್ಲಿ ಸಿಗ್ಲಿಲ್ಲ. ತುಂಬಿರೋದು ತಂದು ನಾನೇ ಖಾಲಿ ಮಾಡ್ಬೇಕಾಯ್ತು."

ಆಕೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಯಜಮಾನರು ನನ್ನ ಕಿವಿಯ ಹತ್ತಿರ ಬಗ್ಗಿ, ಇನ್ನೊಂದು ಹಿಮ್ಮಡಿಗೂ ನೋವು ಬರುವ ಸಂಭವ ಉಂಟೇ ಎಂದು ವಿಚಾರಿಸಿದರು.

ಚೀಲದೊಳಗಿನ ಚಪ್ಪಲಿ

ಇಷ್ಟಾದರೂ ನೋವು ಪೂರ್ತಿ ಹೋಗಲಿಲ್ಲ. ಚಪ್ಪಲಿ ಹಾಕುತ್ತಿದ್ದೀರಾ ಎಂದು ಗದರಿದೆ. ಆಕೆ ಚೀಲದಿಂದ ಪೇಪರಿನಲ್ಲಿ ಸುತ್ತಿದ ಹವಾಯಿ ಚಪ್ಪಲಿ ತೆಗೆದರು. ಅದಕ್ಕೆ ಒಂದು ಚೂರು ಮಣ್ಣೂ ತಾಗಿರಲಿಲ್ಲ.

"ನೀವ್ ಹೇಳಿದ್ಮೇಲೆ ಒಂದಿನಾನೂ ಬಿಟ್ಟಿಲ್ಲ ಡಾಕ್ಟ್ರೇ. ಎಲ್ಲೋದ್ರೂ ತಗೊಂಡೇ ಹೋಗ್ತೀನಿ."

ಹೊರಗೆ ಹಾಕಿದರೆ ಸವೆಯುತ್ತದಂತೆ. ಹುಳದ ಮನೆಗೆ ಚಪ್ಪಲಿ ಹೋದರೆ ಹುಳ ಸಾಯುತ್ತದೆ, ಅದು ಅಲ್ಲಿಯ ಕಟ್ಟುನಿಟ್ಟು. ನನಗೆ ತಟ್ಟನೆ ಹೊಳೆಯಿತು. ಬೀದಿಯನ್ನೇ ನೋಡದ ಈ ಚಪ್ಪಲಿಗೆ ಮೈಲಿಗೆ ಎಲ್ಲಿಂದ ಬರಬೇಕು, ಇದನ್ನು ತೊಳೆದು ಹುಳದ ಮನೆಯಲ್ಲೇ ಇಟ್ಟು ಅಲ್ಲಿ ಮಾತ್ರ ಹಾಕಿಕೊಳ್ಳಿ ಎಂದೆ. ಆಕೆ ಚಪ್ಪಲಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅರಿಶಿನ ಹಚ್ಚಿದರೆ ಆದೀತು ಎಂದರು.

ಮಂಗಳಾರತಿ

ಬೆಳೆ ಚೆನ್ನಾಗಿ ಬಂತು. ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಯ ತುಂಬಾ ಗೂಡು. ಯಜಮಾನರು ಟೊಮೆಟೊ ಮಾತೇ ಬಿಟ್ಟರು. ಆಕೆ ನೆಟ್ಟಗೆ ನಡೆದು ಬಂದು ನನ್ನನ್ನು ಊಟಕ್ಕೆ ಕರೆದಾಗ ನಿಜಕ್ಕೂ ಖುಷಿಯಾಯಿತು.

ಹೋಗಿ ನೋಡಿದರೆ ಹುಳದ ಮನೆಯ ಮೂಲೆಯ ಮಣೆಯ ಮೇಲೆ ಅದೇ ಹವಾಯಿ ಚಪ್ಪಲಿ, ಅರಿಶಿನ, ಕುಂಕುಮ, ಸೇವಂತಿಗೆ ಹೂವು. ಬೆಳೆ ಉಳಿದದ್ದು ಚಪ್ಪಲಿಯ ಕಾಲ್ಗುಣದಿಂದ ಎಂದು ಊರೇ ತೀರ್ಮಾನಿಸಿತ್ತು. ಕಾಯಿ ಒಡೆಯುವ ಗೌರವ ನನಗೆ. ಬೂಟು ಹೊರಗೆ ಬಿಡಿಸಿದರು.

ನನಗೂ ಹಿಮ್ಮಡಿ ನೋವಿತ್ತು. ರೋಗಿಗಳಿಗೆ ತಿಳಿದರೆ ಮರ್ಯಾದೆ ಹೋಗುತ್ತದೆಂದು ಮೆತ್ತನೆಯ ಬೂಟಿನಲ್ಲಿ ಮುಚ್ಚಿಟ್ಟಿದ್ದೆ. ಕೂತು ಕಾಯಿ ಒಡೆದು, ಆರತಿಗೆಂದು ಬರಿಗಾಲಲ್ಲಿ ಎದ್ದೆ ನೋಡಿ, "ಅಯ್ಯಮ್ಮಾ" ಎಂದು ಗೋಡೆ ಹಿಡಿದುಕೊಂಡೆ.

ಆಕೆ ನನ್ನ ಕಾಲನ್ನೇ ನೋಡಿದರು. "ಡಾಕ್ಟ್ರೇ, ನಿಮ್ಗೂನಾ?" ಎಂದರು ಮೆಲ್ಲಗೆ. ನಾನು ತಲೆಯಾಡಿಸಿದೆ.

ಯಜಮಾನರು ಆಗಲೇ ಟವೆಲ್ ಹೆಗಲಿಗೆ ಹಾಕಿ ಬಾಗಿಲು ದಾಟಿದ್ದರು.

"ಒಸಿ ಇರಿ ಸಾರ್, ನಿಮ್ಗೂ ಒಂದು ಬಾಟ್ಲಿ ಖಾಲಿ ಮಾಡ್ಕೊಂಡ್ ಬರ್ತೀನಿ."